ಹಸಿ ಸೌದೆ

 

ಕಳೆದ ವಾರ ನಮ್ಮ ಬಳಗದ ಅಕ್ಕ ಒಬ್ಬರು ನನಗೆ ಪ್ರತ್ಯೇಕವಾಗಿ ಮೆಸೇಜ್ ಕಳಿಸಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ತಮ್ಮನಿಗೆ ಖಿನ್ನತೆ. ಚಿಕಿತ್ಸೆ ಶುರುವಾಗಿದೆ, ಆದರೆ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. "ಮೇಷ್ಟ್ರೇ, ಅವನಿಗೆ ಓದೋಕೆ ಕೊಡುವಂಥ ಪುಸ್ತಕ ಇದ್ದರೆ ಹೇಳಿ. ಧಮ್ಮದ ಪುಸ್ತಕವಾದರೆ ಇನ್ನೂ ಒಳ್ಳೆಯದು" ಎಂದಿದ್ದರು.

ಪುಸ್ತಕದ ಹೆಸರು ಹೇಳುವುದು ಕನ್ನಡ ಮೇಷ್ಟ್ರಿಗೆ ಕಷ್ಟದ ಕೆಲಸವಲ್ಲ. ಆದರೂ ಆ ದಿನ ನಾನು ಥಟ್ಟನೆ ಉತ್ತರ ಬರೆಯಲಿಲ್ಲ. ಧಮ್ಮದ ಮಾತು ಯಾವ ಮನಸ್ಸಿಗಾದರೂ, ಯಾವ ಹೊತ್ತಿಗಾದರೂ ಒಳ್ಳೆಯದೇ? ತ್ರಿಪಿಟಕದಲ್ಲೇ ಇದಕ್ಕೆ 'ಅಲ್ಲ' ಎನ್ನುವ ಒಂದು ಪ್ರಸಂಗವಿದೆ. ನಾವು ಅದನ್ನು ಅಷ್ಟಾಗಿ ನೆನೆಯುವುದಿಲ್ಲ.

ವೈಶಾಲಿಯಲ್ಲಿ ನಡೆದದ್ದು. ಬುದ್ಧ ಭಿಕ್ಷುಗಳಿಗೆ ಅಶುಭ ಭಾವನೆಯನ್ನು, ಅಂದರೆ ದೇಹದ ಅಸಹ್ಯವನ್ನು ಕುರಿತ ಧ್ಯಾನವನ್ನು ಬೋಧಿಸಿ, ಅರ್ಧ ತಿಂಗಳು ಏಕಾಂತಕ್ಕೆ ಹೋದ. ಅತ್ತ ಅನೇಕ ಭಿಕ್ಷುಗಳಿಗೆ ತಮ್ಮ ದೇಹದ ಮೇಲೆಯೇ ಜಿಗುಪ್ಸೆ ಹುಟ್ಟಿ, ಜೀವ ಕಳೆದುಕೊಂಡರು. ಏಕಾಂತದಿಂದ ಹೊರಬಂದ ಬುದ್ಧ, ಸಂಘ ಯಾಕೆ ಇಷ್ಟು ತೆಳುವಾಗಿ ಕಾಣುತ್ತಿದೆ ಎಂದು ಕೇಳಿದ. ಆನಂದ ನಡೆದದ್ದನ್ನು ಮುಚ್ಚಿಡಲಿಲ್ಲ. ಹೇಳಿ ಮುಗಿಸಿ, ಬೇರೊಂದು ವಿಧಾನವನ್ನು ಕಲಿಸಿಕೊಡಿ ಎಂದು ಬೇಡಿಕೊಂಡ. ಬುದ್ಧ ಉಳಿದವರನ್ನೆಲ್ಲ ಸೇರಿಸಿ ಆನಾಪಾನಸ್ಮೃತಿಯನ್ನು ಬೋಧಿಸಿದ: ಉಸಿರು ಒಳಗೆ ಬರುವುದನ್ನು, ಹೊರಗೆ ಹೋಗುವುದನ್ನು ಗಮನಿಸುವುದು. ಬೇಸಿಗೆಯ ಕೊನೆಗೆ ಎದ್ದ ಧೂಳನ್ನು ಅಕಾಲದ ಮಳೆ ಕೂರಿಸುವ ಹಾಗೆ ಅದು ಮನಸ್ಸನ್ನು ತಣಿಸುತ್ತದೆ ಎಂಬ ಹೋಲಿಕೆ ಅಲ್ಲಿ ಬರುತ್ತದೆ.

ಹಿಂದಿನ ಜನ್ಮದ ಕರ್ಮದಿಂದ ಹೀಗಾಯಿತು ಎಂದು ಅಟ್ಠಕಥೆ ವಿವರಿಸುತ್ತದೆ. ನನಗೆ ಆ ವಿವರಣೆಗಿಂತ ಆನಂದನ ಬೇಡಿಕೆಯೇ ಮುಖ್ಯವಾಗಿ ಕಾಣುತ್ತದೆ. ಬೋಧಿಸಿದವನು ಬುದ್ಧನೇ ಆದರೂ ಕೇಳಿದವರ ಗತಿ ಏನಾಯಿತು ಎಂದು ನೋಡಬೇಕಾಯಿತು, ಪಾಠ ಬದಲಾಗಬೇಕಾಯಿತು. ಸಾವನ್ನು ಹೊಗಳಿ ಇನ್ನೊಬ್ಬರನ್ನು ಅತ್ತ ತಳ್ಳುವುದು ಕೊಲೆಯಷ್ಟೇ ದೊಡ್ಡ ಅಪರಾಧ ಎಂಬ ನಿಯಮವೂ ವಿನಯಪಿಟಕದಲ್ಲಿ ಈ ಪ್ರಸಂಗಕ್ಕೆ ಹೊಂದಿಕೊಂಡೇ ಬರುತ್ತದೆ.

ಈಗ ನಮ್ಮ ಗುಂಪಿನ ಬೆಳಗಿನ ಸಂದೇಶಗಳನ್ನೇ ನೋಡಿ. ಎಲ್ಲವೂ ಅನಿತ್ಯ. ಬಾಳೇ ದುಃಖ. ಯಾರಿಗೆ ಯಾರೂ ಇಲ್ಲ. (ಈ ಕೊನೆಯದು ಬುದ್ಧನ ಮಾತೂ ಅಲ್ಲ, ಎಲ್ಲಿಂದಲೋ ಬಂದು ಸೇರಿಕೊಂಡಿದೆ.) ಉಂಡು, ನಿದ್ದೆ ಮಾಡಿ ಎದ್ದವರಿಗೆ ಇವು ಅಹಂಕಾರ ಇಳಿಸುವ ಮಾತುಗಳಾಗಬಹುದು. 'ನಾನು ಇದ್ದೂ ಪ್ರಯೋಜನವಿಲ್ಲ' ಎಂದು ಇರುಳೆಲ್ಲ ಹೊರಳಾಡಿದವನಿಗೆ ಇದೇ ಮಾತು ಬೆಳಿಗ್ಗೆ ಆರಕ್ಕೆ ಮೊಬೈಲಿಗೆ ಬಂದರೆ?

ಸಂಯುತ್ತ ನಿಕಾಯದ ಅಗ್ಗಿ ಸುತ್ತದಲ್ಲಿ ಇದಕ್ಕೆ ಒಪ್ಪುವ ಮಾತಿದೆ. ಸಣ್ಣ ಕಿಡಿಯನ್ನು ಹೊತ್ತಿಸಬೇಕೆಂದಿರುವವನು ಅದರ ಮೇಲೆ ಹಸಿ ಹುಲ್ಲು, ಹಸಿ ಸಗಣಿ, ಹಸಿ ಸೌದೆ ಹಾಕಿ ಮಣ್ಣೆರಚಿದರೆ ಉರಿ ಏಳುತ್ತದೆಯೇ? ಬಚ್ಚಲ ಹಂಡೆಗೆ ಉರಿ ಹಾಕಿ ಗೊತ್ತಿದ್ದವರಿಗೆ ಉತ್ತರ ಬೇಕಿಲ್ಲ. ಮನಸ್ಸು ಕುಗ್ಗಿರುವಾಗ ಪ್ರಶ್ರಬ್ಧಿ, ಸಮಾಧಿ, ಉಪೇಕ್ಷೆಗಳನ್ನು ಬೆಳೆಸಲು ಹೋಗಬೇಡಿ, ಅದು ಅಕಾಲ. ಆಗ ಬೇಕಾದದ್ದು ವಿಚಾರ, ವೀರ್ಯ ಮತ್ತು ಪ್ರೀತಿ ಎನ್ನುತ್ತದೆ ಸುತ್ತ. ಇಲ್ಲಿ ಪ್ರೀತಿ ಎಂದರೆ ಉಲ್ಲಾಸ. ಸುತ್ತ ಹೇಳುತ್ತಿರುವುದು ಸಾಧಕನ ಜಡತೆಯನ್ನು ಕುರಿತು, ವೈದ್ಯರು ಹೇಳುವ ಖಿನ್ನತೆಯನ್ನು ಕುರಿತಲ್ಲ. ಖಿನ್ನತೆಗೆ ಮೊದಲು ವೈದ್ಯರು, ಔಷಧಿ. ಆದರೂ ಪಕ್ಕದಲ್ಲಿ ಕೂರುವ ನಮಗೆ ಆ ಹಸಿ ಸೌದೆಯ ಎಚ್ಚರ ಬೇಕು.

ಅಕ್ಕನಿಗೆ ನಾನು ಬರೆದದ್ದು ಇಷ್ಟು. ತಮ್ಮನ ಕೈಗೆ ಪುಸ್ತಕ ಕೊಟ್ಟು ಬರಬೇಡಿ. ಖಿನ್ನತೆಯಲ್ಲಿ ಒಂದು ಪುಟ ಹಿಡಿದು ಓದುವುದೂ ಗುಡ್ಡ ಹತ್ತಿದ ಹಾಗೆ. ಓದದೆ ಉಳಿದ ಪುಸ್ತಕ ತಲೆಯ ಬಳಿ ಬಿದ್ದಿದ್ದು, 'ಇದೂ ನನ್ನ ಕೈಲಿ ಆಗಲಿಲ್ಲ' ಅನ್ನಿಸುತ್ತದೆ. ನೀವೇ ಓದಿ ಹೇಳಿ, ಐದು ನಿಮಿಷ. ಬುದ್ಧ ತಾನೇ ಕಾಯಿಲೆ ಬಿದ್ದಾಗ ಮಹಾಚುಂದನಿಂದ ಬೋಧ್ಯಂಗಗಳನ್ನು ಹೇಳಿಸಿ ಕೇಳಿದ. ಅವನಿಗೆ ಗೊತ್ತಿಲ್ಲದ ಒಂದಕ್ಷರವೂ ಅದರಲ್ಲಿರಲಿಲ್ಲ. ಆದರೂ ಇನ್ನೊಬ್ಬರ ದನಿಯಲ್ಲಿ ಕೇಳಬೇಕಿತ್ತು.

ಏನನ್ನು ಓದಬೇಕು? ಧಮ್ಮವೇ ಆಗಬೇಕೆಂದಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಬಾಯಿಪಾಠ ಮಾಡಿದ ಪದ್ಯ ಆದೀತು, ಹಳೆಯ ನಗೆಬರಹ ಆದೀತು. 'ಕೊರವಂಜಿ' ಪತ್ರಿಕೆ ಕಟ್ಟಿ ಕನ್ನಡಿಗರನ್ನು ನಗಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗು ಮತ್ತು ನೋವು ಎರಡನ್ನೂ ಬಲ್ಲವರು. 'ಮನಮಂಥನ' ಮನೆಯವರಿಗೆ, ತಮ್ಮನಿಗೆ ರಾಶಿಯವರ ಹಾಸ್ಯ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳೂ ಮೊದಲು ಓದಬೇಕಾದದ್ದು ಮನೆಯವರೇ. 'ಸೋಮಾರಿತನ ಬಿಡು, ಎದ್ದು ಓಡಾಡು' ಎಂದು ಗದರುವುದು ಅಷ್ಟಾದರೂ ನಿಂತೀತು.

ಹೀಗೆ ಒಬ್ಬರನ್ನು ಈಗಾಗಲೇ ಕಳೆದುಕೊಂಡ ಮನೆಗಳೂ ನಮ್ಮ ಬಳಗದಲ್ಲಿವೆ. ಸಾಸಿವೆ ಹುಡುಕಿ ಹೊರಟ ಕಿಸಾಗೋತಮಿಗೆ ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಬಾಗಿಲಿಗೆ ಬಂದು ತಮ್ಮ ಮನೆಯ ಸಾವನ್ನು ಹೇಳಿದರು. ಇಂಥ ಸಾವಾದ ಮನೆಗೆ ಆ ಸಮಾಧಾನವೂ ಸಿಗುವುದಿಲ್ಲ. 'ಹಾರ್ಟ್ ಅಟ್ಯಾಕ್' ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಯಾಕೆಂದರೆ ಹೊರಗೆ ನಾವು 'ಅಂಥವರಿಗೆ ಸದ್ಗತಿ ಇಲ್ಲವಂತೆ' ಎಂದು ತೀರ್ಪು ಕೊಡುತ್ತಾ ನಿಂತಿರುತ್ತೇವೆ. ಆ ಮಾತಿನಿಂದ ಸತ್ತವರಿಗೆ ಏನಾಗುತ್ತದೋ, ಬದುಕಿರುವ ತಾಯಿಯ ಅನ್ನ ನೀರಂತೂ ನಿಲ್ಲುತ್ತದೆ.

ಕೊನೆಗೆ ಅಕ್ಕ ಇನ್ನೊಂದು ಕೇಳಿದ್ದರು: "ಸಾಯಬೇಕು ಅನ್ನಿಸ್ತಿದೆಯಾ ಅಂತ ಅವನನ್ನ ಕೇಳಬಹುದಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವಾ?" ಆಗುವುದಿಲ್ಲ. ಮೆತ್ತಗೆ, ನೇರವಾಗಿ ಕೇಳಬಹುದು. ಕೇಳಿಸಿಕೊಂಡವರಿಗೆ ಹೆಚ್ಚಾಗಿ ಎದೆಯ ಭಾರ ಇಳಿದ ಹಾಗಾಗುತ್ತದೆ ಎಂದೇ ಮನೋವೈದ್ಯರು ಹೇಳುವುದು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ನಡುರಾತ್ರಿಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದಿನವಿಡೀ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯಾದವರೇ ಫೋನ್ ಮಾಡಬೇಕೆಂದೇನಿಲ್ಲ, ಮನೆಯವರೂ ಮಾಡಬಹುದು.