ಇಂದಿನ ಧಮ್ಮ ಚಿಂತನೆ: ಅನಾನಸ್ ಹಾಕಿದ ಪಿಜ್ಜಾ




ಮೊನ್ನೆ ಭಾನುವಾರ ಮೊಮ್ಮಗಳು ಅನಾನಸ್ ತುಂಡು ಹಾಕಿದ ಪಿಜ್ಜಾ ತರಿಸಿದಳು. ಡಬ್ಬ ತೆರೆದದ್ದೇ ತಡ, "ಥೂ, ಇದನ್ನ ಯಾರಾದ್ರೂ ತಿಂತಾರಾ?" ಅಂದುಬಿಟ್ಟೆ. ಅವಳು ಏನೂ ಹೇಳದೆ ಡಬ್ಬ ಮುಚ್ಚಿಕೊಂಡು ತನ್ನ ಕೋಣೆಗೆ ಹೋದಳು.

ಈ ಜಗಳ ನಮ್ಮ ಮನೆಯದಷ್ಟೇ ಅಲ್ಲ. 1962ರಲ್ಲಿ ಕೆನಡಾದ ಚಾಥಮ್ ಊರಿನಲ್ಲಿ ಹೋಟೆಲ್ ನಡೆಸುತ್ತಿದ್ದ ಗ್ರೀಕ್ ಮೂಲದ ಸ್ಯಾಮ್ ಪನೋಪುಲೋಸ್ ಡಬ್ಬಿಯ ಅನಾನಸನ್ನು ಪಿಜ್ಜಾ ಮೇಲೆ ಹಾಕಿ ನೋಡಿದರು. ಗಿರಾಕಿಗಳಿಗೆ ಹಿಡಿಸಿತು. "ಇದು ಪಿಜ್ಜಾನೇ ಅಲ್ಲ" ಎನ್ನುವವರ ಸಿಟ್ಟು ಇವತ್ತಿಗೂ ಇಳಿದಿಲ್ಲ. 2024ರಲ್ಲಿ ನೇಪಲ್ಸಿನ ಹೆಸರಾಂತ ಪಿಜ್ಜಾ ಬಾಣಸಿಗ ಜೀನೊ ಸೊರ್ಬಿಲ್ಲೊ ಅದನ್ನು ತಮ್ಮ ಮೆನುವಿಗೆ ಸೇರಿಸಿದಾಗ ಬೈಗುಳದ ಮಳೆಯೇ ಸುರಿಯಿತು.

ನೇಪಲ್ಸಿನವರ ಅಭಿಮಾನ ಪೊಳ್ಳಲ್ಲ. ಹಿಟ್ಟು ನಾದಿ, ಕೈಯಲ್ಲೇ ತಟ್ಟಿ, ಸೌದೆ ಒಲೆಯಲ್ಲಿ ಬೇಯಿಸುವ ಅವರ ಕಲೆಯನ್ನು ಯುನೆಸ್ಕೊ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ಕೆಡದಂತೆ ಕಾಯುವುದು ಶ್ರದ್ಧೆಯ ಕೆಲಸವೇ. ಆದರೆ ಅವರ ಪಿಜ್ಜಾದ ಟೊಮೆಟೊ ಕೂಡ ಒಂದು ಕಾಲಕ್ಕೆ ಅಮೆರಿಕ ಖಂಡದಿಂದ ಬಂದ ಹೊಸಬ. ಪರಂಪರೆಯೂ ಅನಿತ್ಯವೇ. (ಮದುವೆ ಊಟದಲ್ಲಿ ಅನಾನಸ್ ಗೊಜ್ಜನ್ನು ಎರಡೆರಡು ಸಲ ಬಡಿಸಿಕೊಳ್ಳುವ ನಾನು, ಹಣ್ಣಿಗೂ ಉಪ್ಪು ಖಾರಕ್ಕೂ ಆಗಿಬರಲ್ಲ ಎನ್ನುವುದು ಯಾವ ಬಾಯಿಂದ?)

ಭಗವಾನರು ತೋರಿಸಿದ ನಾಲ್ಕು ಉಪಾದಾನಗಳಲ್ಲಿ ದಿಟ್ಠಿ ಉಪಾದಾನವೂ ಒಂದು, ಅಂದರೆ ಅಭಿಪ್ರಾಯಕ್ಕೆ ಅಂಟಿಕೊಳ್ಳುವುದು. ನಾಲಿಗೆಗೆ ಸೇರಲಿಲ್ಲ ಎಂದರೆ ಅದು ಬರೀ ವೇದನೆ, ಅದರಲ್ಲಿ ತಪ್ಪಿಲ್ಲ. "ನನಗೆ ಸೇರಲ್ಲ" ಎಂಬುದು "ಇದು ತಿನ್ನೋ ವಸ್ತುವೇ ಅಲ್ಲ" ಎಂದಾಗುವ ಆ ಒಂದು ಕ್ಷಣವನ್ನು ಗಮನಿಸಬೇಕು. ಅಲ್ಲಿಂದ "ತಿನ್ನುವವರು ಎಂಥವರೋ" ಎನ್ನುವುದಕ್ಕೆ ಒಂದೇ ಹೆಜ್ಜೆ. ಭಿಕ್ಖುಗಳಾರೂ ಬದುಕಿರುವವರೆಗೆ ಮೀನು ಮಾಂಸ ಮುಟ್ಟಬಾರದೆಂದು ನಿಯಮ ಮಾಡಿ ಎಂದು ದೇವದತ್ತ ಕೇಳಿದಾಗ ಬುದ್ಧರು ಒಪ್ಪಲಿಲ್ಲ. ತನಗಾಗಿ ಕೊಂದದ್ದೆಂದು ನೋಡದ, ಕೇಳದ, ಶಂಕಿಸದ ಆಹಾರಕ್ಕೆ ಇದ್ದ ಅನುಮತಿಯನ್ನು ಹಾಗೆಯೇ ಉಳಿಸಿದರು. ಕಟ್ಟುನಿಟ್ಟೇ ಶೀಲವೆಂದು ಅವರು ತಿಳಿಯಲಿಲ್ಲ.

ಶಾಲೆಯಲ್ಲಿ ನನ್ನ ಬುತ್ತಿಯ ಒಣಮೀನು ಕಂಡು ಮೂಗು ಮುಚ್ಚಿ ದೂರ ಸರಿದು ಕೂತ ಹುಡುಗನ ಮುಖ, ಐವತ್ತು ವರ್ಷವಾದರೂ ಕಣ್ಣಮುಂದಿದೆ. ಭಾನುವಾರ ಆ ಮುಖ ನನ್ನದಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳ ಕೋಣೆಯ ಬಾಗಿಲು ತಟ್ಟಿ, "ನನಗೂ ಒಂದು ತುಂಡು ಕೊಡವ್ವ" ಅಂದೆ. ತಣ್ಣಗಾಗಿತ್ತು. ತಿಂದೆ. ನಿಜ ಹೇಳಬೇಕೆಂದರೆ ಸೇರಲಿಲ್ಲ, ಹಾಗಂತಲೇ ಹೇಳಿದೆ. "ಗೊಜ್ಜು ಮಾತ್ರ ಸೇರತ್ತೆ ಅಲ್ವಾ ತಾತ" ಎಂದು ನಕ್ಕು ಉಳಿದದ್ದನ್ನು ಅವಳೇ ಮುಗಿಸಿದಳು.

ಭವತು ಸಬ್ಬ ಮಂಗಲಂ 🙏