ಕರ್ತವ್ಯಕ್ಕೆ ಕೂಲಿಯೇ?

ತನ್ನ ಹೊಲದ ಮಣ್ಣನ್ನು ಕಾಪಾಡಿಕೊಳ್ಳುವ ರೈತನಿಗೆ ಸರ್ಕಾರ ಅದಕ್ಕಾಗಿ ಹಣ ಕೊಡುವುದು ಸರಿಯೇ? ಹೆತ್ತ ಮಗುವಿಗೆ ಉಣಿಸಿದ್ದಕ್ಕೆ ತಾಯಿ ಸಂಬಳ ಪಡೆದಂತೆ ಅದು ನಿಮಗೆ ತೋರಬಹುದು. ಅಮೆರಿಕ ದೇಶಕ್ಕೆ ಇದು ತೊಂಬತ್ತು ವರ್ಷಗಳ ಹಳೆಯ ಪ್ರಶ್ನೆ.

ಅಲ್ಲಿನ ವಿಶಾಲ ಬಯಲುಗಳ ಹುಲ್ಲುಗಾವಲನ್ನು ಉತ್ತು ಜನ ಗೋಧಿ ಬೆಳೆದಿದ್ದರು. 1930ರ ದಶಕದ ಬರದಲ್ಲಿ ಬೇರಿನ ಹಿಡಿತ ಕಳೆದುಕೊಂಡ ಮಣ್ಣು ಗಾಳಿಗೆದ್ದಿತು. 1935ರ ಏಪ್ರಿಲ್ 14, ಗರಿಗಳ ಭಾನುವಾರದಂದು ಬೀಸಿದ ಧೂಳಿನ ಬಿರುಗಾಳಿ ಹಗಲನ್ನೇ ಕತ್ತಲಾಗಿಸಿತು. ಆ ದಿನಕ್ಕೆ ‘ಕಪ್ಪು ಭಾನುವಾರ’ವೆಂದೇ ಹೆಸರಾಯಿತು. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು. ಮಣ್ಣು ವಿಜ್ಞಾನಿ ಹ್ಯೂ ಬೆನೆಟ್ ಅವರ ಮುಂದಾಳ್ತನದಲ್ಲಿ ಇಲಾಖೆಯೊಂದು ಹುಟ್ಟಿತು. ಮಣ್ಣನ್ನು ಉಳಿಸುವ ಬೆಳೆ ಬೆಳೆದವರಿಗೆ ಹಣ ನೀಡುವ ಕಾಯ್ದೆಯೂ ಮರುವರ್ಷವೇ ಆಯಿತು.

ಈಗ ಆ ಕೆಲಸದ ದೊಡ್ಡ ಪಾಲನ್ನು 1996ರಲ್ಲಿ ಆರಂಭವಾದ ‘ಇಕ್ವಿಪ್’ ಎಂಬ ಯೋಜನೆ ಹೊತ್ತಿದೆ. ಸುಗ್ಗಿಯ ನಂತರ ನೆಲವನ್ನು ಬರಿದೇ ಬಿಡದೆ ಹೊದಿಕೆ ಬೆಳೆ ಬಿತ್ತುವುದಕ್ಕೆ (ನಮ್ಮವರು ಗದ್ದೆಯಲ್ಲಿ ಸೆಣಬು ಬೆಳೆದು ಮಣ್ಣಿಗೆ ಸೇರಿಸುವ ಪದ್ಧತಿಗೆ ಇದು ಹತ್ತಿರದ್ದು), ದನದ ಮಂದೆ ಒಂದೇ ಕಡೆ ಮೇದು ನೆಲವನ್ನು ಬೋಳಾಗಿಸದಂತೆ ಬೇಲಿ ಹಾಕಿ ಸರದಿಯಲ್ಲಿ ಮೇಯಿಸುವುದಕ್ಕೆ, ವೆಚ್ಚದ ಶೇಕಡಾ 75ರವರೆಗೆ ಸಾಮಾನ್ಯವಾಗಿ ನೆರವು ಸಿಗುತ್ತದೆ. ಹಣ ಬರುವುದು ಹೆಚ್ಚಿನವರಿಗೆ ಕೆಲಸ ಮುಗಿದ ಮೇಲೆಯೇ.

ಇದನ್ನು ಲಂಚವೆನ್ನಲು ನನಗೆ ಮನಸ್ಸಿಲ್ಲ. ಮೆಕ್ಕೆಜೋಳದ ಹೊಲಗಳಿಂದ ಕೊಚ್ಚಿಹೋದ ಗೊಬ್ಬರದ ಸಾರ ಮಿಸಿಸಿಪಿ ನದಿಯೊಡನೆ ಸಾಗಿ ಸಮುದ್ರವನ್ನು ಸೇರುತ್ತದೆ. ಪ್ರತಿ ಬೇಸಿಗೆಯಲ್ಲೂ ಅಲ್ಲಿನ ನೀರಿನಲ್ಲಿ ಆಮ್ಲಜನಕ ಕುಗ್ಗಿ ಜಲಚರಗಳು ಉಸಿರುಗಟ್ಟುತ್ತವೆ. ಮಣ್ಣನ್ನು ಹಿಡಿದಿಟ್ಟವನ ಶ್ರಮದ ಫಲವನ್ನು ಅವನು ಎಂದೂ ಕಾಣದ ಬೆಸ್ತನು ಉಣ್ಣುತ್ತಾನೆ. ಫಲ ಹಲವರದಾದರೆ ಖರ್ಚು ಒಬ್ಬನದೇ ಏಕಾಗಬೇಕು? ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂದು ಯಾಜಕಕಾಂಡ ವಿಧಿಸುವಾಗಲೂ, ಆಗ ತಿನ್ನುವುದೇನೆಂಬ ಜನರ ಅಳಲನ್ನು ಅದು ಗದರಿಸುವುದಿಲ್ಲ. ಆರನೆಯ ವರ್ಷವೇ ಮೂರು ವರ್ಷಗಳಿಗಾಗುವಷ್ಟು ಬೆಳೆಯ ಭರವಸೆ ಕೊಡುತ್ತದೆ.

ನನ್ನನ್ನು ಕಾಡುವುದು ಬೇರೊಂದು ಸಂಗತಿ. ಒಪ್ಪಂದಕ್ಕೆ ಮುನ್ನವೇ ಶುರುವಾದ ಕೆಲಸಕ್ಕೆ ಈ ಯೋಜನೆಯಲ್ಲಿ ಸಾಮಾನ್ಯವಾಗಿ ಹಣವಿಲ್ಲ. ಯಾರೂ ಹೇಳದೆಯೇ ಇಪ್ಪತ್ತು ವರ್ಷ ಮಣ್ಣನ್ನು ಸಾಕಿದವನು ಬರಿಗೈಯಲ್ಲಿ ನಿಲ್ಲುತ್ತಾನೆ. ನಿನ್ನೆಯವರೆಗೆ ಅದನ್ನು ಸವೆಸಿದವನು ಅರ್ಜಿ ಹಾಕುತ್ತಾನೆ. ದ್ರಾಕ್ಷಿತೋಟದ ಸಾಮತಿಯಲ್ಲಿ ಮುಂಜಾನೆಯೇ ಬಂದವರು ಗೊಣಗಿದರು, ನಿಜ. ಆದರೆ ಅವರಿಗೂ ಗೊತ್ತುಮಾಡಿದ ಕೂಲಿ ಪೂರ್ತಿ ಸಿಕ್ಕಿತ್ತಲ್ಲ! ಈ ಕೊರತೆಯನ್ನು ಅಮೆರಿಕದ ಶಾಸಕರೂ ಕಂಡರು. ಆಗಲೇ ಚೆನ್ನಾಗಿ ನೋಡಿಕೊಂಡವರನ್ನೂ ಗೌರವಿಸುವ ಮತ್ತೊಂದು ಯೋಜನೆಯನ್ನು 2002ರ ಕಾಯ್ದೆಯಲ್ಲಿ ಸೇರಿಸಿದರು. 2008ರಲ್ಲಿ ಅದಕ್ಕೆ ಹೊಸ ರೂಪ ಬಂದಾಗ, ಇನ್ನೂ ಹೆಚ್ಚಿನದನ್ನು ಮಾಡುತ್ತೇನೆಂಬ ಮಾತನ್ನೂ ಅವರಿಂದ ಪಡೆಯಲಾಯಿತು.

ಇನ್ನು ಗೇಣಿದಾರನ ಪಾಡು. 2014ರ ಸಮೀಕ್ಷೆಯಂತೆ ಅಲ್ಲಿ ಬೆಳೆ ತೆಗೆಯುವ ಭೂಮಿಯ ಅರ್ಧಕ್ಕಿಂತ ಹೆಚ್ಚು ಗೇಣಿಯದು. ನೆರವು ಬೇಕಾದರೆ ಒಪ್ಪಂದದ ಅವಧಿಯುದ್ದಕ್ಕೂ ಭೂಮಿ ತನ್ನ ಹಿಡಿತದಲ್ಲಿರುತ್ತದೆಂದು ಅವನು ತೋರಿಸಬೇಕು. ಮಣ್ಣಿನ ಸತ್ವ ಹೆಚ್ಚಲು ಹಲವು ವರ್ಷ ಬೇಕು. ಅವನ ಕೈಯಲ್ಲಿರುವ ಚೀಟಿಯೋ ಅನೇಕ ವೇಳೆ ಒಂದು ವರ್ಷದ್ದು. ಅವನು ಬಿತ್ತಿದ ಹೊದಿಕೆ ಬೆಳೆಯಿಂದ ಹೊಲ ಫಲವತ್ತಾದ ಮೇಲೆ ಒಡೆಯನು ಗೇಣಿಯನ್ನು ಏರಿಸಿದರೆ, ಆ ಏರಿಕೆಯಲ್ಲಿ ಅವನ ಪಾಲೆಷ್ಟು? ಓದುಗರೇ, ನೀವೇ ನ್ಯಾಯಾಧೀಶರಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ?