ಗೃಹಸ್ಥನ ಸ್ವಾಧ್ಯಾಯ: ಕಾಲ ಯಾರದು?

ನಗರವಾಸಿಗಳಾದ ನಮ್ಮಲ್ಲಿ ಇಬ್ಬರು ಸೇರಿದಾಗ ಕೇಳಿಬರುವ ಮಾತೊಂದಿದೆ: “ಓದಬೇಕೆಂಬ ಆಸೆಯೇನೋ ಇದೆ, ಸಮಯವೆಲ್ಲಿದೆ?” ಮುಂಬಯಿಯಂಥ ಊರಿನಲ್ಲಿ ಇದು ಬರಿಯ ನೆಪವಲ್ಲ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸುಮಾರು 48 ಕಿಲೋಮೀಟರು. ಹೋಗಿಬರುವುದರಲ್ಲಿಯೇ ದಿನದ ಎರಡೂವರೆ ಗಂಟೆಗೂ ಮಿಕ್ಕಿದ ಕಾಲ ಕಳೆದುಹೋಗುತ್ತದೆ. ಉಳಿದುದರಲ್ಲಿ ಕಚೇರಿ, ಅಡಿಗೆ, ಮಕ್ಕಳ ಪಾಠ, ವೃದ್ಧರ ಔಷಧೋಪಚಾರ. ಹೀಗಿದ್ದರೂ ನಡುವಯಸ್ಸಿನಲ್ಲಿ ಪುಸ್ತಕ ಹಿಡಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಬ್ಬರು ಬಡ್ತಿಗಾಗಿ ಪರೀಕ್ಷೆಗೆ ಕೂಡುತ್ತಾರೆ. ಇನ್ನೊಬ್ಬರು ದೂರಶಿಕ್ಷಣದಲ್ಲಿ ಎಂ.ಎ. ಮಾಡುತ್ತಾರೆ, ಮತ್ತೊಬ್ಬರು ಭಾನುವಾರದ ಗೀತಾಭಾಷ್ಯ ಪಾಠವನ್ನು ತಪ್ಪಿಸುವುದಿಲ್ಲ. ಇವೆಲ್ಲ ಶ್ಲಾಘ್ಯವೇ. ಆದರೆ ಈ ಓದಿಗೆ ಬೇಕಾದ ಕಾಲ ಯಾರ ಪಾಲಿನಿಂದ ಬಂತು ಎಂದು ನಾವು ಕೇಳಿಕೊಳ್ಳುವುದು ಅಪರೂಪ.

ನಾನೂ ಅದನ್ನು ಸ್ವಬುದ್ಧಿಯಿಂದ ಕೇಳಿಕೊಂಡವನಲ್ಲ. ನನಗೆ 42 ವರ್ಷವಾಗಿದ್ದಾಗ, ಕಚೇರಿಯಲ್ಲಿ 14 ಜನರ ವಿಭಾಗದ ಹೊಣೆ ಹೊತ್ತಿದ್ದ ದಿನಗಳಲ್ಲಿ, ಸಂಸ್ಕೃತ ಎಂ.ಎ.ಗೆ ಹೆಸರು ನೋಂದಾಯಿಸಿದೆ. ರಾತ್ರಿ ಊಟವಾದೊಡನೆ ಒಳಕೋಣೆಯ ಬಾಗಿಲು ಹಾಕಿಕೊಳ್ಳುವುದು ರೂಢಿಯಾಯಿತು. ಮನೆಯವರು ದನಿ ತಗ್ಗಿಸಿ ಮಾತನಾಡುತ್ತಿದ್ದುದನ್ನು ನನ್ನ ಓದಿಗೆ ಸಲ್ಲುವ ಗೌರವವೆಂದೇ ಭಾವಿಸಿದ್ದೆ. ಒಂದು ರಾತ್ರಿ ಮಗಳು ಗಣಿತದ ಪುಸ್ತಕ ಹಿಡಿದು ಬಾಗಿಲವರೆಗೆ ಬಂದು, ತಟ್ಟದೆಯೇ ಹಿಂದಿರುಗಿದಳಂತೆ. ಮರುದಿನ ನನ್ನ ಪತ್ನಿ ಕೋಪವಿಲ್ಲದೆ ಕೇಳಿದಳು: “ನೀವು ಇಷ್ಟೊಂದು ಓದ್ತೀರಲ್ಲಾ, ಅದರಲ್ಲಿ ನಮಗೂ ಏನಾದರೂ ಪಾಲಿದೆಯೇನ್ರೀ?” ನನಗೆ ಉತ್ತರ ತೋಚಲಿಲ್ಲ.

ಅದೇ ವಾರ ಇನ್ನೊಂದು ಸಂಗತಿ ತಿಳಿಯಿತು. ಪಾಠದ ದಿನಗಳಲ್ಲಿ ನಾನು ಸಂಜೆ ಬೇಗನೆ ಎದ್ದು ಹೊರಡುತ್ತಿದ್ದೆ. ನಾನು ಬಿಟ್ಟುಹೋದ ಕಡತಗಳನ್ನು ಮುಗಿಸಲು ಕೈಕೆಳಗಿನ ತರುಣನೊಬ್ಬ ರಾತ್ರಿಯವರೆಗೆ ಉಳಿಯುತ್ತಿದ್ದ. ಅವನೂ ಒಂದು ಪರೀಕ್ಷೆಗೆ ಓದುತ್ತಿದ್ದವನೇ. ನನ್ನ ಓದಿನ ಬೆಲೆಯನ್ನು ಅವನ ಓದು ತೆರುತ್ತಿತ್ತು.

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳೊಡನೆ ಹುಟ್ಟುತ್ತಾನೆಂಬುದು ನಮಗೆಲ್ಲ ತಿಳಿದ ವಿಷಯ. ಋಷಿಋಣ ತೀರುವುದು ಅಧ್ಯಯನದಿಂದ. ಪಿತೃಋಣ ತೀರುವುದು ಸಂತಾನದಿಂದ, ಅದರ ಪಾಲನೆಯಿಂದ. ಹಾಗಾದರೆ ಮಗಳಿಗೆ ಸಲ್ಲಬೇಕಾದ ಹೊತ್ತನ್ನು ತೆಗೆದು ಗ್ರಂಥಕ್ಕೆ ಕೊಡುವವನು ಒಬ್ಬ ಸಾಲಗಾರನ ಕಿಸೆಯಿಂದ ಕದ್ದು ಇನ್ನೊಬ್ಬನಿಗೆ ತೀರಿಸಿದಂತಲ್ಲವೇ? ಅದರಿಂದ ಯಾವ ಋಣವೂ ತೀರಲಾರದು.

ಹಾಗೆಂದು ಓದನ್ನು ನಿವೃತ್ತಿಯವರೆಗೆ ಮುಂದೂಡಬೇಕೆ? ಅನೇಕರು ಹಾಗೆ ಹೇಳುತ್ತಾರೆ. ಶಾಸ್ತ್ರ ಹಾಗೆ ಹೇಳುವುದಿಲ್ಲ. ಸ್ವಾಧ್ಯಾಯದಲ್ಲಿ ಅಲಕ್ಷ್ಯ ಮಾಡಬೇಡವೆಂದು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯರು ಉಪದೇಶಿಸುವುದು ಗುರುಕುಲ ಬಿಟ್ಟು ಗೃಹಸ್ಥಾಶ್ರಮಕ್ಕೆ ಹೊರಟ ಶಿಷ್ಯನಿಗೆ. ಅದೇ ವಲ್ಲಿಯ ಮತ್ತೊಂದು ಅನುವಾಕದಲ್ಲಿ ಋತ, ಸತ್ಯ, ತಪಸ್ಸುಗಳಿಂದ ತೊಡಗಿ ಅಗ್ನಿಹೋತ್ರ, ಅತಿಥಿಸೇವೆ, ಲೋಕವ್ಯವಹಾರ, ಸಂತಾನದವರೆಗೆ 12 ಕರ್ತವ್ಯಗಳನ್ನು ಎಣಿಸಿದೆ. ಸ್ವಾಧ್ಯಾಯವೂ ಪ್ರವಚನವೂ ಅಲ್ಲಿ ಹದಿಮೂರನೆಯ ಕರ್ತವ್ಯವಾಗಿ ಕೊನೆಗೆ ಬರುವುದಿಲ್ಲ. ಹನ್ನೆರಡರಲ್ಲಿ ಒಂದೊಂದರ ಜೊತೆಗೂ ಅವು ಪುನಃ ಪುನಃ ಬರುತ್ತವೆ. ಅತಿಥಿಯನ್ನು ಸತ್ಕರಿಸು, ಓದು, ಹೇಳಿಕೊಡು; ಮಕ್ಕಳನ್ನು ಪಡೆದು ಸಲಹು, ಓದು, ಹೇಳಿಕೊಡು ಎಂಬುದು ಅಲ್ಲಿನ ಕ್ರಮ. ಓದು ಉಳಿದ ಧರ್ಮಗಳಿಗೆ ಪ್ರತಿಸ್ಪರ್ಧಿಯಲ್ಲ, ಸಹಚಾರಿ. ಇನ್ನೂ ಗಮನಿಸಬೇಕಾದದ್ದೆಂದರೆ, ಓದುವುದರೊಡನೆ ಹೇಳಿಕೊಡುವುದೂ ಸೇರಿದೆ. ಪತ್ನಿ ಕೇಳಿದ ‘ಪಾಲು’ ಇದೇ ಎಂದು ನನಗೆ ಆಮೇಲೆ ಹೊಳೆಯಿತು.

ನಾಯಕತ್ವದ ಹೊಣೆಯುಳ್ಳವನಿಗೂ ಶಾಸ್ತ್ರವು ವಿನಾಯಿತಿ ಕೊಟ್ಟಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜನ ಹಗಲನ್ನು ಎಂಟು, ಇರುಳನ್ನು ಎಂಟು ಭಾಗ ಮಾಡುತ್ತಾನೆ. ಒಂದೊಂದೂ ಒಂದೂವರೆ ಗಂಟೆ. ಆಯವ್ಯಯ, ಪ್ರಜೆಗಳ ಅಹವಾಲು, ಮಂತ್ರಾಲೋಚನೆ, ಸೇನೆ, ಗೂಢಚಾರರು ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಅಂಥ ದಿನಚರಿಯಲ್ಲೂ ಸ್ವಾಧ್ಯಾಯ ಎರಡು ಸಲ ಬರುತ್ತದೆ, ಎರಡು ಸಲವೂ ಸ್ನಾನ ಭೋಜನಗಳ ಜೊತೆಯಲ್ಲಿ. ಪ್ರಜೆಗಳ ಅಹವಾಲಿನ ಹೊತ್ತನ್ನು ಕಿತ್ತು ಅದಕ್ಕೆ ಕೊಟ್ಟಿಲ್ಲ. ರಾಜನು ಓದುವುದು ತನ್ನ ಊಟದ ಪಾಲಿನ ಕಾಲದಲ್ಲಿ. ಕೈಕೆಳಗಿನವನ ಸಂಜೆಯನ್ನು ಕಬಳಿಸಿ ಓದುವ ಅಧಿಕಾರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ನಮ್ಮ ಮಂತ್ರಾಲಯದ ಗುರುಗಳ ಪೂರ್ವಾಶ್ರಮವನ್ನು ನೆನೆಯೋಣ. ವೇಂಕಟನಾಥರು ಬಡತನದಲ್ಲಿ ಸಂಸಾರ ನಡೆಸುತ್ತ, ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರ ಬಳಿ ಅಧ್ಯಯನ ಮಾಡಿದವರು. ಪೀಠವನ್ನು ವಹಿಸಿಕೊಳ್ಳಲು ಗುರುಗಳು ಹೇಳಿದಾಗ, ಪತ್ನಿ ಎಳೆಯವಳು, ಮಗನ ಉಪನಯನ ಇನ್ನೂ ಆಗಿಲ್ಲ ಎಂದೇ ಅವರು ಮೊದಲು ವಿನಂತಿಸಿಕೊಂಡರೆಂದು ಚರಿತ್ರೆ ಹೇಳುತ್ತದೆ. 1621ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿದ್ದು ದೈವಾಜ್ಞೆಯಾದ ಮೇಲೆ. ಆಗ ಮನೆ ತೆತ್ತ ಬೆಲೆಯೇನೆಂಬುದನ್ನು ಸರಸ್ವತೀಬಾಯಿಯವರ ಕಥೆ ಬಲ್ಲ ನಾವೆಲ್ಲ ಅರಿತಿದ್ದೇವೆ. ಅಂಥ ಮಹಾನುಭಾವರೇ ಮನೆಯ ಋಣವನ್ನು ಹಗುರವಾಗಿ ಕಾಣಲಿಲ್ಲ. ನಮಗಾದರೋ ಅಂಥ ಆಜ್ಞೆಯೇನೂ ಬಂದಿಲ್ಲ. ಬಾಗಿಲು ಹಾಕಿಕೊಳ್ಳುವ ಅಧಿಕಾರ ನಮಗೆಲ್ಲಿಂದ ಬಂತು?

ಕೆಲವು ಬದಲಾವಣೆಗಳನ್ನು ಮಾಡಿಕೊಂಡೆ. ಕೋಣೆಯನ್ನು ಬಿಟ್ಟು ಊಟದ ಮೇಜಿಗೆ ಬಂದೆ. ಒಂದು ಬದಿಯಲ್ಲಿ ಮಗಳ ಗಣಿತ, ಇನ್ನೊಂದು ಬದಿಯಲ್ಲಿ ನನ್ನ ವ್ಯಾಕರಣ. ಆ ದಿನ ಓದಿದ್ದರಲ್ಲಿ ಒಂದು ಮಾತನ್ನಾದರೂ ಊಟದ ಹೊತ್ತಿನಲ್ಲಿ ಹೇಳುವ ನಿಯಮವಾಯಿತು. ಹೇಳಲು ಹೊರಟಾಗಲೇ ನನಗೆ ಅರ್ಥವಾಗದೆ ಉಳಿದದ್ದು ಎಷ್ಟೆಂದು ತಿಳಿಯುತ್ತಿತ್ತು. ಪತ್ನಿಗೆ ಹರಿಕಥಾಮೃತಸಾರವನ್ನು ಅರ್ಥಸಹಿತ ಓದಬೇಕೆಂಬ ಬಯಕೆ ಬಹುದಿನಗಳಿಂದ ಇತ್ತೆಂದು ಆಗಲೇ ಗೊತ್ತಾದದ್ದು. ವಾರಕ್ಕೆ ಎರಡು ಸಂಜೆ ಅಡಿಗೆಮನೆ ನನ್ನ ಪಾಲಿಗೆ ಬಂತು. ಆಕೆ ಪಾಠಕ್ಕೆ ಹೋದಳು. ಕಚೇರಿಯಲ್ಲಿ ನನ್ನ ಕಡತಗಳನ್ನು ಮುಗಿಸದೆ ಏಳುವುದನ್ನು ಬಿಟ್ಟೆ. ವಾರದಲ್ಲಿ ಎರಡು ಸಂಜೆ ಆ ತರುಣನನ್ನು ಬೇಗನೆ ಕಳಿಸಿದೆ. ಪರಿಣಾಮವಾಗಿ ಎರಡು ವರ್ಷದ ಪದವಿಗೆ ಮೂರು ವರ್ಷ ಹಿಡಿಯಿತು. ಅದನ್ನು ನಷ್ಟವೆಂದು ಈಗಲೂ ಎಣಿಸಿಲ್ಲ.

ಸ್ವಂತ ಪಾಲಿನಲ್ಲಿ ಉಳಿಯುವುದು ಸ್ವಲ್ಪವೇ ಎಂದು ಯಾರೂ ನಿರಾಶರಾಗಬೇಕಿಲ್ಲ. ದಿನಕ್ಕೆ 60 ಘಳಿಗೆ. ಒಂದು ಘಳಿಗೆಯೆಂದರೆ 24 ನಿಮಿಷ. ಮೊಬೈಲಿನ ಹರಟೆಯಿಂದ ಬಿಡಿಸಿಕೊಂಡ ಒಂದೇ ಘಳಿಗೆ ವರ್ಷಕ್ಕೆ 146 ಗಂಟೆಯಾಗುತ್ತದೆ. ದಿನಕ್ಕೆ ಎರಡು ಶ್ಲೋಕದಂತೆ ಓದಿದರೂ 700 ಶ್ಲೋಕಗಳ ಗೀತೆ ವರ್ಷದೊಳಗೆ ಮುಗಿಯುತ್ತದೆ. ರೈಲಿನ ನೂಕುನುಗ್ಗಲಿನಲ್ಲಿ ಪುಸ್ತಕ ಬಿಚ್ಚಲಾಗದಿರಬಹುದು, ಮನನಕ್ಕೆ ಅಡ್ಡಿಯಿಲ್ಲ.

ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಂಗಡಿಸಿದರು. ಸ್ವತಂತ್ರನು ಶ್ರೀಹರಿಯೊಬ್ಬನೇ. ಕಾಲವೂ ಅವನ ಅಧೀನ, ನಾವೂ ಅವನ ಅಧೀನ. ಹೀಗಿರುವಾಗ ‘ನನ್ನ ಸಮಯ’ ಎಂಬ ಮಾತೇ ಸಿದ್ಧಾಂತಕ್ಕೆ ಹೊಂದುವುದಿಲ್ಲ. ಹಂಚಲೆಂದು ಕೈಗೆ ಕೊಟ್ಟ ಪ್ರಸಾದವನ್ನು ಒಬ್ಬನೇ ಮೂಲೆಯಲ್ಲಿ ಕುಳಿತು ತಿನ್ನುವುದು ಸಲ್ಲದು. ಪುಸ್ತಕ ತೆರೆಯುವ ಮುನ್ನ, ಈ ಘಳಿಗೆ ಯಾರ ಪಾಲಿನದು ಎಂದು ಒಮ್ಮೆ ಕೇಳಿಕೊಳ್ಳೋಣ. ಮಗುವಿಗೆ ಜ್ವರ ಬಂದ ರಾತ್ರಿ ಪುಸ್ತಕ ಮುಚ್ಚಬೇಕಾಗಿ ಬಂದರೆ, ಮುಚ್ಚಿ ಆ ಮಗುವಿನ ಬಳಿ ಕುಳಿತವನಿಗೆ ಅಂದಿನ ಸ್ವಾಧ್ಯಾಯ ತಪ್ಪಿತೆಂದು ತಿಳಿಯಬೇಕಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.